ಹಿಂದಿನಿಂದ ಹೋದರೆ ಬೆದರುತ್ತಿದ್ದ ಎತ್ತು

ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ನಾನು ಕೆಲಸ ಮಾಡುವ ತಿಂಡಿ ಕಾರ್ಖಾನೆಯವರು ಪ್ರತಿ ಬೇಸಿಗೆಯ ಒಂದು ಶನಿವಾರ ನೌಕರರ ಮನೆಯವರನ್ನೆಲ್ಲ ಊಟಕ್ಕೆ ಕರೆಯುತ್ತಾರೆ. ಆ ವರ್ಷ ಅಪ್ಪ ವಿಜಯಪುರ ಕಡೆಯ ನಮ್ಮ ಊರಿನಿಂದ ಮೂರು ತಿಂಗಳಿಗೆಂದು ಬಂದು, ಕೆಂಟನ್ನಿನ ನಮ್ಮ ಮನೆಯಲ್ಲಿದ್ದರು. ಅವರನ್ನೂ ಹನ್ನೊಂದು ವರ್ಷದ ನನ್ನ ಮಗಳನ್ನೂ ಕರೆದುಕೊಂಡು ಹೋದೆ.

ಲಾರಿ ನಿಲ್ಲಿಸುವ ಅಂಗಳದಲ್ಲಿ, ಗಾಳಿ ತುಂಬಿದ ದೊಡ್ಡ ಹಾಸಿಗೆಯ ನಡುವೆ ಒಂದು ಯಂತ್ರದ ಗೂಳಿ ನಿಂತಿತ್ತು. ಗುಂಡಿ ಒತ್ತಿದರೆ ಅದು ಎಗರಿ, ಗಿರ್ರನೆ ತಿರುಗಿ, ಮೇಲೆ ಕೂತವರನ್ನು ಬೀಳಿಸುತ್ತಿತ್ತು. ನಮ್ಮ ಮ್ಯಾನೇಜರ್ ಹತ್ತಿದಷ್ಟೇ ಬೇಗ ಬಿದ್ದು ಎಲ್ಲರನ್ನೂ ನಗಿಸಿದರು. ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ ಬಂದರು. ಎತ್ತು ಕೊಳ್ಳುವ ಮುಂಚೆ ಸಂತೆಯಲ್ಲಿ ಅವರು ಹಾಗೆಯೇ ನೋಡುತ್ತಿದ್ದುದು.

“ಇದು ಚೊಲೋ ಐತಿ ಬಿಡವಾ. ಬೀಳೋರು ಮಂದಿ, ನಗೋರೂ ಮಂದಿ,” ಅಂದರು.

ಅಮೆರಿಕದಲ್ಲಿ ಇದನ್ನು ಜೀವಂತ ಗೂಳಿಗಳ ಮೇಲೆ ಕೂತು ಆಡುತ್ತಾರೆ, ಅದಕ್ಕೆ ರೋಡಿಯೋ ಅನ್ನುತ್ತಾರೆ ಎಂದು ಹೇಳಿದೆ. ಅಪ್ಪ ನಂಬಲಿಲ್ಲ. ಮನೆಗೆ ಬಂದು ಚಹಾ ಕುಡಿಯುವಾಗ ಮಗಳು ಫೋನಿನಲ್ಲಿ ಒಂದು ವಿಡಿಯೋ ಹುಡುಕಿ ಅವರ ಕೈಗೆ ಕೊಟ್ಟಳು. ಕಟಾಂಜನದ ಬಾಗಿಲು ತೆರೆದದ್ದೇ ಗೂಳಿ ಹಿಂಗಾಲು ಝಾಡಿಸುತ್ತ ಹೊರಗೆ ಹಾರಿತು. ಸಾವಿರಾರು ಜನ ಕೇಕೆ ಹಾಕುತ್ತಿದ್ದರು.

“ಇಸ್ ಇಟ್ ಆಂಗ್ರಿ, ಅಜ್ಜಾ?” ಎಂದು ಮಗಳು ಕೇಳಿದಳು. ನಮ್ಮ ಮಾತೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

“ಸಿಟ್ಟು ಬಂದೈತೇನು ಅಂತ ಕೇಳ್ತಾಳ,” ಎಂದೆ.

ಅಪ್ಪ ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ನೋಡಿದರು. “ಸಿಟ್ಟಲ್ಲ. ಆ ಹಗ್ಗ ನೋಡು, ಹಿಂದಿನ ತೊಡಿ ಮುಂದ, ಮೆತ್ತಗಿನ ಜಾಗಾದಾಗ ಬಿಗದಾರ. ಅದನ್ನ ಕಿತ್ತೊಗಿಯಾಕ ಒದ್ಯಾಡಾಕತ್ತೈತಿ. ಮಂದಿ ಅದನ್ನ ಕುಣತ ಅಂದ್ಕೊಂಡಾರ.” ಫೋನನ್ನು ಟೇಬಲ್ ಮೇಲೆ ಬೋರಲು ಇಟ್ಟರು. ಚಹಾ ಆರುತ್ತಿತ್ತು.

ಆಮೇಲೆ ತಾವಾಗಿಯೇ ಮಾತು ತೆಗೆದರು. “ನಾ ಏನ್ ಕಮ್ಮಿ ಮಾಡಿಲ್ಲ.”

ಅಪ್ಪ ಒಂದು ಕಾಲಕ್ಕೆ ಎತ್ತಿನ ಗಾಡಿ ಓಟದ ಶರ್ಯತ್ತಿನಲ್ಲಿ ಹೆಸರು ಮಾಡಿದವರು. ಎತ್ತಿಗೆ ಬೆಣ್ಣೆ, ಮೊಟ್ಟೆ, ನೆನೆಸಿದ ಹುರುಳಿ. ನಮಗಿಂತ ಮೊದಲು ಅದರ ಊಟ. ಅದರ ಬೆವರು ಒರೆಸಿದ ಟವೆಲಿನಿಂದಲೇ ತಮ್ಮ ಮುಖ ಒರೆಸಿಕೊಳ್ಳುತ್ತಿದ್ದರು. ಆದರೆ ಅವರ ಕೋಲಿನ ತುದಿಯಲ್ಲಿ ಮೊಳೆ ಇರುತ್ತಿತ್ತು ಎಂಬುದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ.

“ಕಡೀ ಶರ್ಯತ್ತಿನ್ಯಾಗ ಬಲಗಡಿ ಎತ್ತು ದಣದಿತ್ತು. ಮೊಳಿ ಚುಚ್ಚಿದೆ, ಓಡಲಿಲ್ಲ. ಬಗ್ಗಿ ಬಾಲಾ ಹಲ್ಲೊಳಗ ಕಚ್ಚಿದೆ. ಹಂಗ ಗೆದ್ದೆ. ಗುಲಾಲು ಹಾರಿಸಿದ್ರು, ಹೆಗಲ ಮ್ಯಾಲ ಹೊತ್ರು. ಮರುದಿನ ಮೇವು ಹಾಕಾಕ ಹಿಂದಿನಿಂದ ಹ್ವಾದೆ. ಅದರ ಮೈಯೆಲ್ಲ ಗಡಗಡ ನಡುಗಿತು. ಮುಂದಿನಿಂದ ಹ್ವಾದ್ರ ಕೈ ನೆಕ್ಕತಿತ್ತು. ಸಾಯೋತನಕ ಹಂಗ ಇತ್ತವಾ. ಮುಂದ ನಾನು, ಹಿಂದ ಬ್ಯಾರೆ ಯಾರೋ.”

ಮಗಳು ಬಿಸ್ಕತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

“ಇಕಿ ಎಂಟು ವರ್ಷದಾಕಿ ಆಗ,” ಎಂದು ಅಪ್ಪ ನನ್ನತ್ತ ತೋರಿಸಿದರು. “ಬದುವಿನ ಮ್ಯಾಲ ನಿಂತು, ಹೊಡಿ ಅಪ್ಪಾ, ಹೊಡಿ ಅಂತ ಒದರತಿದ್ಲು.”

ನನಗೆ ಗುಲಾಲು ನೆನಪಿತ್ತು, ಹಲಗೆ ಬಡಿಯುವ ಸದ್ದು ನೆನಪಿತ್ತು. ಕೂಗಿದ್ದು ನೆನಪಿರಲಿಲ್ಲ.

ಮರುದಿನ ಮಧ್ಯಾಹ್ನ ಅಪ್ಪ ಊರಿಗೆ ಫೋನು ಹಚ್ಚಲು ಹೇಳಿದರು. ಮನೆಯ ಜೋಡೆತ್ತುಗಳನ್ನು ಈಗ ನೋಡಿಕೊಳ್ಳುವವನು ನನ್ನ ಚಿಕ್ಕಪ್ಪನ ಮಗ. ಬರುವ ತಿಂಗಳ ಶರ್ಯತ್ತಿಗೆ ಅವುಗಳನ್ನು ಬಿಡಬೇಡ ಎಂದು ಅಪ್ಪ ಹೇಳಿದ್ದೇ ತಡ, ಆ ಕಡೆಯಿಂದ ದನಿ ಏರಿತು.

“ದೊಡ್ಡಪ್ಪಾ, ಹೊಲಕ್ಕ ಟ್ರ್ಯಾಕ್ಟರ್ ಬಂದಾವು. ಶರ್ಯತ್ತೂ ಇಲ್ಲಂದ್ರ ಎತ್ತು ಯಾರು ಕಟ್ತಾರ? ಕಸಾಯಿಗೆ ಕೊಡ್ಲೇನು?”

ಅಪ್ಪ ಇಷ್ಟೇ ಅಂದರು: “ನೀ ಹೇಳೂದು ಖರೇ ಇರಬಹುದು. ಆದ್ರ ಕೋಲಿಗೆ ಮೊಳಿ ಹಾಕಬ್ಯಾಡ. ಹಾಕಿದ್ರ ಮೈಕಿನ್ಯಾಗ ಎತ್ತಿನ ಮಾಲಕ ಅಂತ ನನ್ನ ಹೆಸರು ಕೂಗಿಸಬ್ಯಾಡ.”

ಅವನು ಎತ್ತುಗಳನ್ನು ಶರ್ಯತ್ತಿಗೆ ಬಿಟ್ಟೇ ಬಿಟ್ಟ. ಎರಡನೆಯ ಸ್ಥಾನ ಬಂತು ಎಂದು ವಿಡಿಯೋ ಕಳಿಸಿದ. ಅಪ್ಪ ಅದನ್ನು ತೆರೆಯಲಿಲ್ಲ. ಮೊಳೆ ಇತ್ತೋ ಇಲ್ಲವೋ ಎಂದು ಕೇಳಲೂ ಇಲ್ಲ. ಊರಿಗೆ ಮರಳಿದ ಮೇಲೆ ಒಂದು ದಿನ ಫೋನಿನಲ್ಲಿ, ಈಗ ತಾವೇ ದಿನಾ ಎತ್ತುಗಳ ಮೈ ತಿಕ್ಕುತ್ತಿರುವುದಾಗಿ ಹೇಳಿದರು. “ಕೈ ಹಾಕಿದ್ರ ಗೊತ್ತಾಗತದವಾ, ಚರ್ಮ ಸುಳ್ಳು ಹೇಳಂಗಿಲ್ಲ. ಗಾಯ ಏನೂ ಇಲ್ಲ,” ಅಂದರು.

ಅಪ್ಪ ಊರಿಗೆ ಹೊರಟ ವಾರವೇ ಮಗಳು ಶಾಲೆಗೆ ನಡೆಯುವ ದಾರಿಯಲ್ಲಿ ನನ್ನನ್ನು ಕೇಳಿದ್ದಳು, “ಡಿಡ್ ಯು ರಿಯಲಿ ಶೌಟ್ ದಟ್, ಅಮ್ಮಾ?”

“ಕೂಗಿರಬೇಕು. ಅಜ್ಜ ಸುಳ್ಳು ಹೇಳಂಗಿಲ್ಲ,” ಎಂದೆ.

ರಸ್ತೆ ದಾಟುವಾಗ ಅವಳು ಎಂದಿನಂತೆ ನನ್ನ ಕೈ ಹಿಡಿದಳು.