ತಾರೀಖು ಬರೆಯದ ಚೆಕ್ಕು

ಹೋದ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಮಜ್ಜಿಗೆ ಅನ್ನ ಕಲಸುತ್ತಿದ್ದೆ. ಫೋನು ಟಣ್ ಎಂದಿತು. ಹಲಸೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಗಂಡಹೆಂಡತಿ ಮುಂದಿನ ತಿಂಗಳ ಬಾಡಿಗೆ ಕಳಿಸಿದ್ದರು. ಜೊತೆಗೆ ಒಂದು ಸಾಲು: “ಅಂಕಲ್, ಊರಿಗೆ ಹೋಗ್ತಿದೀವಿ, ಅದಕ್ಕೇ ಮುಂಚೆನೇ ಹಾಕಿದೀವಿ.”

ನೀವಾಗಿದ್ದರೆ ಸಂತೋಷಪಡುತ್ತಿದ್ದಿರಿ. ನಾನು ಕಲಸಿದ ಅನ್ನ ಹಾಗೇ ಬಿಟ್ಟು ಎದ್ದೆ. ಅವಧಿಗೆ ಮುಂಚೆ ಬಂದ ಬಾಡಿಗೆ ಎಂದರೆ ನನಗೆ ಖಲೀಲ್ ಭಾಯ್ ನೆನಪಾಗುತ್ತಾರೆ.

ಹತ್ತು ವರ್ಷದ ಕೆಳಗೆ ಅದೇ ಮಹಡಿಯಲ್ಲಿ ಅವರಿದ್ದರು. ಹೆಂಡತಿ ಶಾಹಿದಾ, ಮಗಳು ನಗ್ಮಾ. ಶಿವಾಜಿನಗರದಲ್ಲಿ ಗುಂಡಿ, ಲೇಸು, ಹುಕ್ಕು ಮಾರುವ ಅಂಗಡಿ. ನನ್ನ ಅಂಗಿಯ ಗುಂಡಿ ಒಂದು ಬಿದ್ದರೆ ಮೆಟ್ಟಿಲಿಳಿಯುವಾಗಲೇ ಅವರ ಕಣ್ಣಿಗೆ ಬೀಳುತ್ತಿತ್ತು. ಸಂಜೆ ಅದೇ ಬಣ್ಣದ, ಅದೇ ನಾಲ್ಕು ತೂತಿನ ಗುಂಡಿ ತಂದು ಕೊಡುತ್ತಿದ್ದರು. ದುಡ್ಡು ಕೊಡಲು ಹೋದರೆ, “ಒಂದು ಗುಂಡಿಗೆ ಬಿಲ್ ಹಾಕಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾರೆ ಸಾರ್” ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ನನಗೆ ಅಂಥ ಕಣ್ಣಿರಲಿಲ್ಲ.

ರಂಜಾನಿನ ಕೊನೆಯ ಹತ್ತು ದಿನ ಅವರು ಮಸೀದಿಯಲ್ಲೇ ಇದ್ದುಬಿಡುತ್ತಿದ್ದರು. ಊಟ, ನಿದ್ದೆ, ಪ್ರಾರ್ಥನೆ ಎಲ್ಲ ಅಲ್ಲೇ. ಮನೆಗೆ ಬರುವಂತಿಲ್ಲ, ವ್ಯವಹಾರದ ಮಾತು ಆಡುವಂತಿಲ್ಲ. ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಆ ವರ್ಷ ಹೊರಡುವ ಮುನ್ನ ಬಾಡಿಗೆಯ ಚೆಕ್ಕು ತಂದುಕೊಟ್ಟರು. ಸಹಿ ಇತ್ತು, ತಾರೀಖು ಇರಲಿಲ್ಲ.

“ಹಬ್ಬ ಆಗಿ ನಾಲ್ಕು ದಿನ ಆಗ್ಲಿ ಸಾರ್. ವ್ಯಾಪಾರದ ದುಡ್ಡು ಬ್ಯಾಂಕಿಗೆ ಬೀಳುತ್ತೆ. ಆಮೇಲೆ ತಾರೀಖು ಹಾಕ್ಕೊಳ್ಳಿ. ಬಾಡಿಗೆ ಬಾಕಿ ಅನ್ನೋ ಯೋಚನೆ ಇಟ್ಕೊಂಡು ಅಲ್ಲಿ ಕೂರೋಕಾಗಲ್ಲ, ಅದಕ್ಕೇ ಈಗ್ಲೇ ಕೊಟ್ಟೆ.”

“ಅದಕ್ಕೇನಂತೆ, ನೆಮ್ಮದಿಯಾಗಿ ಹೋಗಿ ಬನ್ನಿ” ಎಂದೆ. ಆ ಮಾತು ಆಡುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಎದುರುಮನೆಯ ಮುನಿಸ್ವಾಮಿಗೆ ಈ ವಿಷಯ ಹೇಳಿದೆ. ಬಾಡಿಗೆಯವರ ವಿಚಾರದಲ್ಲಿ ನಾನೆಷ್ಟು ದೊಡ್ಡ ಮನುಷ್ಯ ಎಂದು ತೋರಿಸಿಕೊಳ್ಳಲೆಂದೇ ಹೇಳಿದ್ದು. ಅವನು ಬೀಡಿ ತುಟಿಯಿಂದ ತೆಗೆಯದೆ ನಕ್ಕ.

“ಏನ್ ಗುರು, ಚೆಕ್ಕನ್ನ ಕಾವಿಗೆ ಕೂರಿಸಿದೀಯಾ? ಮರಿ ಆಗೋವರ್ಗೂ ಕಾಯ್ತೀಯಾ? ತಾರೀಖಿಲ್ಲ ಅಂದ್ರೆ ನಿಂಗಿಷ್ಟ ಬಂದಿದ್ದು ಬರ್ಕೊ ಅಂತ. ಯಾವ ಬ್ಯಾಂಕೂ ಕೇಳಲ್ಲ.”

ಬ್ಯಾಂಕು ಕೇಳಲಿಲ್ಲ ನಿಜ. ಮನೆಗೆ ಬಂದು ಅವರ ಸಹಿಯದೇ ನೀಲಿ ಬಣ್ಣದ ಪೆನ್ನು ಹುಡುಕಿ ಅಂದಿನ ತಾರೀಖು ಬರೆದೆ, ಹೋಗಿ ಹಾಕಿ ಬಂದೆ. ದುಡ್ಡಿನ ಅಗತ್ಯವಿತ್ತೇ? ಇರಲಿಲ್ಲ. ಪೆದ್ದ ಅನ್ನಿಸಿಕೊಳ್ಳಬಾರದು, ಅಷ್ಟೆ.

ಆ ವಾರವೇ ನಗ್ಮಾಳ ಕಾಲೇಜಿಗೆ ಫೀಸು ಕಟ್ಟಲು ಕೊನೆಯ ದಿನವಿತ್ತು. ಖಲೀಲ್ ಭಾಯ್ ಅದಕ್ಕೂ ಒಂದು ಚೆಕ್ಕಿಗೆ ಸಹಿ ಹಾಕಿ ಹೆಂಡತಿಯ ಕೈಲಿ ಕೊಟ್ಟು ಹೋಗಿದ್ದರು. ಬ್ಯಾಂಕಿನಲ್ಲಿ ದುಡ್ಡು ಸಾಲದು ಎಂದರಂತೆ. ಶಾಹಿದಾ ನಮ್ಮ ಬಾಗಿಲಿಗೆ ಬಂದು ನಿಂತರು.

“ಸಾರ್, ಬಾಡಿಗೆ ಚೆಕ್ಕು ಏನಾದ್ರೂ ಹಾಕಿದ್ರಾ? ಅವರು ಮಸೀದೀಲಿದಾರೆ, ಯಾರನ್ನ ಕೇಳ್ಲಿ ನಾನು?”

ಹೌದಮ್ಮ, ತಪ್ಪಾಯಿತು, ಈಗಲೇ ದುಡ್ಡು ತೆಗೆದುಕೊಡುತ್ತೇನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಸರೋಜಳ ಕಡೆ ಕೈ ತೋರಿಸಿ, “ಇವಳು ಗೊತ್ತಾಗ್ದೆ ಬ್ಯಾಂಕಿಗೆ ಕೊಟ್ಬಿಟ್ಟಿದಾಳಮ್ಮ. ಏನ್ ಮಾಡೋದೀಗ” ಎಂದೆ. ಸರೋಜ ಬ್ಯಾಂಕಿನ ಮೆಟ್ಟಿಲು ಹತ್ತಿದವಳಲ್ಲ. ಅವಳು ನನ್ನನ್ನು ನೋಡಿದಳು, ಮತ್ತೆ ಸೊಪ್ಪಿಗೆ ಕೈ ಹಾಕಿದಳು. ದುಡ್ಡು ವಾಪಸು ಕೊಡುವ ಮಾತನ್ನು ನಾನು ಎತ್ತಲೇ ಇಲ್ಲ. ಕೊಟ್ಟರೆ ಒಪ್ಪಿಕೊಂಡಂತೆ ಆಗುತ್ತದಲ್ಲ.

ಎರಡು ತಿಂಗಳಿಗೆ ಅವರು ಮನೆ ಬಿಟ್ಟು ಬಾಣಸವಾಡಿಗೆ ಹೋದರು. ಆ ಹುಡುಗಿಗೆ ಸೀಟು ಸಿಕ್ಕಿತೋ ತಪ್ಪಿತೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹತ್ತು ವರ್ಷ ನಾನು ಗುಂಡಿ ಅಂಗಡಿಯ ಬೀದಿ ತುಳಿಯಲಿಲ್ಲ. ಕೆಮ್ಮಿನ ಔಷಧಿ ತರಲು ಆ ಕಡೆ ಹೋಗಬೇಕಾದರೂ ಸುತ್ತು ದಾರಿಯಲ್ಲೇ ಹೋಗುತ್ತಿದ್ದೆ. ಒಂದು ಹುಡುಗಿಯ ಓದು ಕೆಡಿಸಿದವನು ಎಂದು ನನ್ನನ್ನು ನಾನೇ ಕರೆದುಕೊಳ್ಳುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ.

ಫೋನು ಟಣ್ ಎಂದ ಮಾರನೆಯ ದಿನ ಸರೋಜಳಿಗೆ, “ಶಿವಾಜಿನಗರಕ್ಕೆ ಹೋಗ್ಬರೋಣ, ಖಲೀಲ್ ಭಾಯ್ ಅಂಗಡಿಗೆ” ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಸೀರೆ ಬದಲಾಯಿಸಿ ಬಂದಳು.

ಅಂಗಡಿ ಅಲ್ಲೇ ಇತ್ತು. ಖಲೀಲ್ ಭಾಯ್ ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸ್ಟೂಲು ಎಳೆದು ಕೂರಿಸಿದರು, ಚಹಾ ತರಿಸಿದರು. ಚಹಾ ಕುಡಿದ ಮೇಲೆ ಹೇಳಲಾಗುವುದಿಲ್ಲ ಎನ್ನಿಸಿ, ಲೋಟ ಮುಟ್ಟದೆ ಎಲ್ಲವನ್ನೂ ಹೇಳಿದೆ.

ಅವರು ಲೇಸಿನ ಸುರುಳಿ ಸುತ್ತುತ್ತಲೇ ಕೇಳಿಸಿಕೊಂಡರು.

“ಗೊತ್ತು ಸಾರ್. ಅಕ್ಕ ಅವತ್ತು ಸಾಯಂಕಾಲಾನೇ ಮೇಲೆ ಬಂದು ಶಾಹಿದಾಗೆ ಹೇಳಿದ್ರು. ಚೀಟಿ ಎತ್ತಿದ ದುಡ್ಡು ಕೊಟ್ಟು ಫೀಸೂ ಕಟ್ಸಿದ್ರು. ಹಬ್ಬ ಆದ್ಮೇಲೆ ನಾನು ವಾಪಸ್ ಕೊಟ್ಟೆ. ನಗ್ಮಾ ಈಗ ಆಸ್ಪತ್ರೇಲಿ ಫಾರ್ಮಸಿಸ್ಟು.”

ಕತ್ತು ತಿರುಗಿಸಿ ನೋಡಿದೆ. ಸರೋಜ ಬಹಳ ಗಮನವಿಟ್ಟು ಹುಕ್ಕಿನ ಪೊಟ್ಟಣ ಆರಿಸುತ್ತಿದ್ದಳು.

“ಮತ್ತೆ ಮನೆ ಯಾಕೆ ಬಿಟ್ರಿ?” ಎಂದು ಕೇಳಿದೆ.

“ಚೆಕ್ಕಿಗಲ್ಲ ಸಾರ್. ದುಡ್ಡು ಹೇಗಿದ್ರೂ ನಿಮ್ದೇ, ನಾಲ್ಕು ದಿನ ಹಿಂದೆ ಮುಂದೆ. ಅಕ್ಕನ ಮೇಲೆ ಹಾಕಿದ್ರಿ ನೋಡಿ, ಅದು ಬೇಜಾರಾಯ್ತು. ದಿನಾ ಮೆಟ್ಟಿಲಲ್ಲಿ ನಿಮಗೆ ಸಲಾಂ ಹೇಳೋಕೆ ಮನಸ್ಸು ಬರ್ಲಿಲ್ಲ.” ಸುತ್ತಿದ ಸುರುಳಿಯನ್ನು ಪಕ್ಕಕ್ಕಿಟ್ಟು, “ಈಗ ಬಂದ್ರಲ್ಲ. ಚಹಾ ತಣ್ಣಗಾಯ್ತು, ಬೇರೆ ತರಿಸ್ತೀನಿ” ಎಂದರು.

ಕುಡಿದೆ. ಎದೆಯ ಮೇಲಿದ್ದ ಕಲ್ಲು ಸರಿದಂತಾಯಿತು, ಪೂರ್ತಿ ಅಲ್ಲ.

ಹೊರಗೆ ಬಸ್ ನಿಲ್ದಾಣದಲ್ಲಿ ನಿಂತಾಗ, “ನಂಗ್ಯಾಕೆ ಹೇಳ್ಲಿಲ್ಲ ನೀನು?” ಎಂದೆ.

“ನೀವು ಹೇಳೋದಿತ್ತಲ್ಲ ಮೊದ್ಲು.”

ಸುತ್ತಲೂ ಜನ, ಹಾರನ್ನಿನ ಗಲಾಟೆ. ಮೆಲ್ಲಗೆ ಹೇಳಿದರೆ ಕೇಳಿಸುವಂತಿರಲಿಲ್ಲ. ಗಟ್ಟಿಯಾಗಿಯೇ ಹೇಳಿದೆ: “ಸರೋಜಾ, ಅವತ್ತು ನಿನ್ ಮೇಲೆ ಸುಳ್ಳು ಹೇಳ್ದೆ. ತಪ್ಪಾಯ್ತು.”

ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಸರೋಜ ಸೆರಗು ಸರಿಮಾಡಿಕೊಂಡು ನನ್ನ ಮೊಣಕೈ ಹಿಡಿದಳು.

“ಆಯ್ತು. ಬಸ್ಸು ಬಂತು, ಹುಷಾರಾಗಿ ಹತ್ತಿ.”