ಈಬೆನ್ ಮತ್ತು ಟರ್ಜಾ ನಡುವಿನ ಕಲ್ಲು

ಏಪ್ರಿಲ್ ತಿಂಗಳ ಕೊನೆಯ ಶನಿವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ವೆಲ್ಡಾ ಟ್ಯಾಕೆಟ್ ಗೋರಿಗಳ ಮೇಲಿನ ಹುಲ್ಲು ಕೊಯ್ಯುತ್ತಿದ್ದಾರೆ.

ಕೆಂಟಕಿಯ ಪೂರ್ವದ ಗುಡ್ಡಗಳಲ್ಲಿ ಬಿಸಿಲು ಕಣಿವೆಗೆ ಇಳಿಯಲು ಇನ್ನೂ ಒಂದು ಗಂಟೆ ಬೇಕು. ಕೆಳಗೆ ಕ್ವಿಲೆನ್ ಹಳ್ಳ ಮಂಜಿನಲ್ಲಿ ಮುಚ್ಚಿಹೋಗಿದೆ. ವೆಲ್ಡಾ ಕೈಯಲ್ಲಿರುವುದು ಆಳುದ್ದದ ಹಿಡಿಯ ಕುಡುಗೋಲು. ಬಲದಿಂದ ಎಡಕ್ಕೆ ಒಂದು ಬೀಸು, ಅರ್ಧ ಹೆಜ್ಜೆ ಮುಂದೆ, ಮತ್ತೊಂದು ಬೀಸು. ಹತ್ತು ನಿಮಿಷಕ್ಕೊಮ್ಮೆ ನಿಂತು, ಸೊಂಟದ ಡಬ್ಬಿಯ ನೀರಿನಿಂದ ಸಾಣೆಕಲ್ಲು ತೆಗೆದು ಅಲಗಿಗೆ ಎರಡೂ ಕಡೆ ಎಳೆಯುತ್ತಾರೆ.

“ಮಷಿನ್ ಇಲ್ವಾ ಅಂತ ಎಲ್ರೂ ಕೇಳ್ತಾರೆ. ಹುಲ್ಲು ಕತ್ತರಿಸೋಕೆ ಮಷಿನ್ನಲ್ಲಿ ಗಿರಗಿರ ತಿರುಗೋ ದಾರ ತಾಗಿದ್ರೆ ಈ ಕಲ್ಲು ಚಕ್ಕೆ ಏಳತ್ತೆ. ಇನ್ನೂರು ವರ್ಷ ಮಳೆ ತಡ್ಕೊಂಡಿದ್ದನ್ನ ನಾನು ಒಂದು ಶನಿವಾರ ಮುಗಿಸಿಬಿಡೋದಾ?” ಎನ್ನುತ್ತಾರೆ. ಮುಂಜಾನೆಯೇ ಬರುವುದಕ್ಕೂ ಕಾರಣವಿದೆ. “ಇಬ್ಬನಿ ಇದ್ದಾಗ ಹುಲ್ಲು ನೆಟ್ಟಗೆ ನಿಂತು ಕೊಯ್ಸಿಕೊಳ್ಳತ್ತೆ. ಒಣಗಿದ ಮೇಲೆ ಬಗ್ಗಿ ತಪ್ಪಿಸ್ಕೊಳ್ಳತ್ತೆ.”

ವೆಲ್ಡಾಗೆ ಅರವತ್ತನಾಲ್ಕು ವರ್ಷ. ವಾರದ ಐದು ದಿನ ಶಾಲೆಯ ಅಡುಗೆಮನೆಯಲ್ಲಿ ಇನ್ನೂರ ನಲವತ್ತು ಮಕ್ಕಳ ಬೆಳಗಿನ ತಿಂಡಿ ಮಾಡುತ್ತಾರೆ. ಆರನೆಯ ದಿನ ಈ ಗುಡ್ಡ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಮಳೆ ಜೋರಾಗಿಲ್ಲದ ಪ್ರತಿ ಶನಿವಾರ, ನಲವತ್ತೊಂದು ವರ್ಷಗಳಿಂದ. ಇದಕ್ಕೆ ಸಂಬಳವಿಲ್ಲ. ಟ್ಯಾಕೆಟ್ ಕುಟುಂಬ ಸಂಘ ವರ್ಷಕ್ಕೊಂದು ಜೊತೆ ಬೂಟು ಕೊಡಿಸುತ್ತದೆ.

ಗುಡ್ಡದ ಮೇಲಿರುವುದು ಅರವತ್ತೊಂದು ಗೋರಿ. ಇಪ್ಪತ್ತೆಂಟರ ಮೇಲೆ ಅಕ್ಷರಗಳಿವೆ. ಉಳಿದ ಮೂವತ್ತಮೂರು, ಹೊಲದಿಂದ ಎತ್ತಿ ತಂದು ನೆಟ್ಟ ಬೋಳು ಕಲ್ಲುಗಳು. ಆ ಮೂವತ್ತಮೂರರ ಕೆಳಗೆ ಯಾರಿದ್ದಾರೆ ಎಂದು ಬಲ್ಲವರು ಈಗ ವೆಲ್ಡಾ ಒಬ್ಬರೇ.

ಅದು ಅವರಿಗೆ ಬಂದದ್ದು ಗಂಡ ಡೆನ್ವರ್‌ನ ಅಜ್ಜಿ ಓಮಾ ಅವರಿಂದ. ಮೇ ತಿಂಗಳ ಕೊನೆಯ ಭಾನುವಾರ ಕುಟುಂಬವೆಲ್ಲ ಗುಡ್ಡ ಹತ್ತಿ ಗೋರಿಗಳಿಗೆ ಹೂವಿಡುವುದು ಇಲ್ಲಿನ ರೂಢಿ. ಹೂವಿಟ್ಟ ಮೇಲೆ ಓಮಾ ಸಾಲುಸಾಲಾಗಿ ನಡೆದು, ಪ್ರತಿ ಕಲ್ಲಿನ ನೆತ್ತಿ ಮುಟ್ಟಿ ಹೆಸರು ಹೇಳುತ್ತಿದ್ದರು. ಉಳಿದವರು ಅಷ್ಟು ಹೊತ್ತಿಗೆ ಊಟದ ಮೇಜಿನ ಕಡೆ ನೋಡುತ್ತಿದ್ದರು. ಮದುವೆಯಾಗಿ ಬಂದ ಮೊದಲ ವರ್ಷ ವೆಲ್ಡಾ ಸುಮ್ಮನೆ ಹಿಂದೆ ನಡೆದರು. ನಾಲ್ಕನೆಯ ವರ್ಷ ಓಮಾ ಒಂದು ಕಲ್ಲು ಬಿಟ್ಟು ಮುಂದೆ ಹೋದಾಗ ತಡೆದರು.

“ಅಜ್ಜಿ ತಿರುಗಿ ನೋಡಿ, ‘ಬೇಕಂತ್ಲೇ ಬಿಟ್ಟೆ ಕಣೆ, ನಿಂಗೆ ಬಂತಾ ಅಂತ ನೋಡೋಕೆ’ ಅಂದ್ರು. ಬೇಕಂತ್ಲೇ ಬಿಟ್ರೋ ಮರೆತೇ ಬಿಟ್ರೋ, ದೇವರಿಗೇ ಗೊತ್ತು,” ಎಂದು ವೆಲ್ಡಾ ನಗುತ್ತಾರೆ. ಓಮಾ ತೊಂಬತ್ತನಾಲ್ಕು ವರ್ಷ ಬದುಕಿ 1991ರಲ್ಲಿ ತೀರಿಕೊಂಡರು.

ಆ ನಡಿಗೆ ಶುರುವಾಗುವುದು ದೊಡ್ಡ ಓಕ್ ಮರದ ಬುಡದಲ್ಲಿ. ಮೊದಲ ಕಲ್ಲಿನ ಮೇಲೆ ಎರಡೇ ಅಕ್ಷರ, ‘ಇ ಟಿ’. ಅದು ಈಬೆನ್ ಟ್ಯಾಕೆಟ್. 1798ರ ಶರತ್ಕಾಲದಲ್ಲಿ ಹೆಂಡತಿ ಟರ್ಜಾ, ಮೂವರು ಮಕ್ಕಳು, ಎರಡು ಎತ್ತು, ಒಂದು ಕುದುರೆಯೊಂದಿಗೆ ಕೆರೊಲಿನಾದಿಂದ ಬೆಟ್ಟ ದಾಟಿ ಬಂದು ಈ ಹಳ್ಳದ ಬದಿಯಲ್ಲಿ ಮೊದಲು ಮರ ಕಡಿದವರು. ಅವರಿಂದ ಹಬ್ಬಿದ ಸಂತತಿ ಇಂದು ನೂರ ನಲವತ್ತು ಮನೆ. ಮೂರನೆಯ ಕಲ್ಲಿನ ಮೇಲೆ ‘ಟಿ ಟಿ’, ಅದು ಟರ್ಜಾ. ಎರಡರ ನಡುವೆ ಮೊಣಕಾಲೆತ್ತರದ ಒಂದು ಬೋಳು ಕಲ್ಲು. ಓಮಾ ಅದನ್ನು ಮುಟ್ಟಿ ‘ಮೊದಲನೇ ಡಾರ್ಕಸ್’ ಎನ್ನುತ್ತಿದ್ದರು.

ಈ ಮೊದಲನೇ ಡಾರ್ಕಸ್‌ಳೇ ಕಳೆದ ಅಕ್ಟೋಬರ್‌ನಿಂದ ವೆಲ್ಡಾ ತಲೆಯಲ್ಲಿ ಕೂತಿರುವುದು. ಸಂಘವು ಓಕ್ ಮರದ ಬಳಿ ಗ್ರಾನೈಟ್ ಕಲ್ಲೊಂದನ್ನು ನಿಲ್ಲಿಸಿ ಈಬೆನ್, ಟರ್ಜಾ ಮತ್ತು ಅವರ ಮಕ್ಕಳ ಹೆಸರು ಕೆತ್ತಿಸಲು ತೀರ್ಮಾನಿಸಿತು. ಕಾರ್ಯದರ್ಶಿ ಲಾಯ್ಡ್ ಟ್ಯಾಕೆಟ್ ಸಭೆಯಲ್ಲಿ ಪಟ್ಟಿ ಓದಿದರು. ಲಾಯ್ಡ್ ನಿವೃತ್ತ ಭೂಮಾಪಕರು, ವೆಲ್ಡಾ ಜೊತೆ ಎಂಟನೆಯ ತರಗತಿಯವರೆಗೆ ಒಂದೇ ಕೋಣೆಯಲ್ಲಿ ಓದಿದವರು. ಪಟ್ಟಿಯಲ್ಲಿ ಹತ್ತು ಮಕ್ಕಳಿದ್ದರು. ಕಾಫಿ ಬಡಿಸುತ್ತಿದ್ದ ವೆಲ್ಡಾ ಕೆಟಲ್ ಹಿಡಿದೇ ನಿಂತರು.

“ಹನ್ನೊಂದು, ಲಾಯ್ಡ್. ಡಾರ್ಕಸ್ ಇಬ್ರು.”

“ಪುಸ್ತಕದಲ್ಲಿ ಒಬ್ಳೇ ಇದಾಳೆ.”

“ಪುಸ್ತಕ ಬರೆದೋರು ಗುಡ್ಡ ಹತ್ತಿಲ್ಲ. ಮೊದಲನೇ ಡಾರ್ಕಸ್, ಅವರೆಲ್ಲ ಇಲ್ಲಿಗೆ ಬಂದ ವರ್ಷವೇ ಚಳಿಗಾಲದಲ್ಲಿ ಹೋದ್ಲು. ಆಮೇಲೆ ಹುಟ್ಟಿದ ಹುಡುಗಿಗೆ ಅದೇ ಹೆಸರಿಟ್ರು. ಆಗ ಎಲ್ರೂ ಹಾಗೇ ಇಡ್ತಿದ್ರು.”

“ನಿಂಗ್ಯಾರು ಹೇಳಿದ್ದು?”

“ಓಮಾ ಅಜ್ಜಿ. ಅವರಿಗೆ ಅವರಮ್ಮನ ಅಮ್ಮ. ಆಕೆಗೆ ಹೇಳಿದ್ದು ಆಕೆಯ ಹೆತ್ತಮ್ಮ, ಎರಡನೇ ಡಾರ್ಕಸ್. ನೆಲ ಹೆಪ್ಪುಗಟ್ಟಿ ಗುದ್ದಲಿ ಇಳೀಲಿಲ್ವಂತೆ. ಈಬೆನ್ ಆ ಜಾಗದಲ್ಲಿ ಒಂದು ಹಗಲು ಒಂದು ರಾತ್ರಿ ಬೆಂಕಿ ಹಾಕಿ, ನೆಲ ಕರಗಿದ ಮೇಲೆ ಅಗೆದನಂತೆ.”

“ವೆಲ್ಡಾ, ನಾನು ಟ್ಯಾಕೆಟ್ ಆಗಿ ಹುಟ್ಟಿದೋನು. ನಾನೇ ಈ ಕಥೆ ಕೇಳಿಲ್ಲ. ನೀನು ಮದುವೆಯಾಗಿ ಬಂದೋಳು.”

“ನೀನು ಹುಟ್ಟಿದೋನು, ನಿಜ. ನಾನು ನಲವತ್ತು ವರ್ಷದಿಂದ ನಿನ್ನ ಮುತ್ತಜ್ಜಂದಿರ ತಲೆ ಮೇಲಿನ ಹುಲ್ಲು ಕೊಯ್ತಿರೋಳು. ಕಾಫಿ ಬೇಕಾ, ಬೇಡ್ವಾ?”

ಸಭೆ ನಕ್ಕಿತು. ಲಾಯ್ಡ್ ಕಾಫಿ ಹಾಕಿಸಿಕೊಂಡರು. ನಡಾವಳಿ ಪುಸ್ತಕದಲ್ಲಿ ಬೆಂಕಿಯ ಕಥೆಯನ್ನೂ ಬರೆದು, ಪಕ್ಕದಲ್ಲಿ ‘ಬಾಯಿಮಾತು’ ಎಂದು ಸೇರಿಸಿದರು.

ಲಾಯ್ಡ್ ಹೇಳುವ ಪುಸ್ತಕ 1931ರಲ್ಲಿ ಕುಟುಂಬದವರೊಬ್ಬರು ಹಳೆಯ ಬೈಬಲಿನ ಪುಟಗಳನ್ನು ನೋಡಿ ಟೈಪು ಮಾಡಿದ್ದು. ಆ ಬೈಬಲ್ 1957ರಲ್ಲಿ ಮನೆಯೊಂದಿಗೆ ಸುಟ್ಟುಹೋಯಿತು. ಚಳಿಗಾಲದಲ್ಲಿ ವೆಲ್ಡಾ ಆ ಪುಸ್ತಕದ ಪ್ರತಿಯನ್ನು ಶಾಲೆಯ ಅಡುಗೆಮನೆಗೆ ಒಯ್ದು, ಬ್ರೆಡ್ಡಿನ ಹಿಟ್ಟು ಉಬ್ಬುವಷ್ಟು ಹೊತ್ತು ಓದಿದರು. ಡಾರ್ಕಸ್ ಹುಟ್ಟಿದ್ದು 1794 ಎಂದಿತ್ತು. ಅವಳು ಕೊನೆಯ ಮಗು ಹೆತ್ತದ್ದು 1848ರಲ್ಲಿ. ಫೆಬ್ರುವರಿಯ ಒಂದು ಬೆಳಗ್ಗೆ ಲಾಯ್ಡ್‌ಗೆ ಫೋನ್ ಮಾಡಿದರು. “ಐವತ್ನಾಲ್ಕನೇ ವಯಸ್ಸಲ್ಲಿ ಹೆತ್ಳಾ, ಲಾಯ್ಡ್? ನಾಲ್ಕು ಹೆತ್ತೋಳು ನಾನು, ನಂಗೂ ಒಂಚೂರು ಲೆಕ್ಕ ಬರತ್ತೆ.”

ಲಾಯ್ಡ್ ಮರುದಿನವೇ ಜಿಲ್ಲಾ ಕಚೇರಿಗೆ ಹೋಗಿ 1850ರ ಜನಗಣತಿಯ ಪ್ರತಿ ತೆಗೆಸಿದರು. ಅದರಲ್ಲಿ ಡಾರ್ಕಸ್‌ಳ ವಯಸ್ಸು ನಲವತ್ತೇಳು. ಅಂದರೆ ಹುಟ್ಟಿದ್ದು 1803ರ ಆಸುಪಾಸು. ಅವರು ಪ್ರಾಮಾಣಿಕರು, ತಾವಾಗಿಯೇ ವೆಲ್ಡಾ ಮನೆಗೆ ಬಂದು ಹೇಳಿದರು. ಆದರೆ ಒಪ್ಪಲಿಲ್ಲ. “ಪುಸ್ತಕದ ಇಸವಿ ತಪ್ಪು ಅಂತಾಯ್ತು. ಇನ್ನೊಂದು ಮಗು ಇತ್ತು ಅಂತ ಆಗ್ಲಿಲ್ಲ. ಕಲ್ಲಿನ ಮೇಲೆ ಕೆತ್ತಿದ್ದನ್ನ ಅಳಿಸೋಕಾಗಲ್ಲ, ವೆಲ್ಡಾ.”

“ಅದನ್ನೇ ನಾನೂ ಹೇಳ್ತಿರೋದು. ಬಿಟ್ಟಿದ್ದನ್ನ ಆಮೇಲೆ ಸೇರಿಸೋಕೂ ಆಗಲ್ಲ,” ಎಂದರು ವೆಲ್ಡಾ.

ಸೋಮವಾರ ಪಟ್ಟಿ ಕಲ್ಲು ಕೆತ್ತುವವರ ಕೈ ಸೇರಬೇಕು. ಅದಕ್ಕೇ ಈ ಶನಿವಾರ ಎಂಟೂವರೆಗೆ ಲಾಯ್ಡ್ ಗುಡ್ಡ ಹತ್ತಿ ಬರುತ್ತಿದ್ದಾರೆ. ಹೆಗಲ ಮೇಲೆ ಹೊಲದ ಮಣ್ಣು ಪರೀಕ್ಷೆಗೆ ಬಳಸುವ ಟೊಳ್ಳು ಸಲಾಕೆ. ಹಿಂದೆ ಕಾಫಿ ಫ್ಲಾಸ್ಕು, ಬಿಸ್ಕೆಟ್ ಬುಟ್ಟಿ ಹಿಡಿದ ಡೆನ್ವರ್.

“ನೋಡು ಲಾಯ್ಡ್,” ಎಂದು ಡೆನ್ವರ್ ಏದುಸಿರಿನಲ್ಲೇ ಕೆಣಕುತ್ತಾರೆ, “ಆರು ತಿಂಗಳಿಂದ ಊಟಕ್ಕೆ ಕೂತ್ರೂ ಡಾರ್ಕಸ್, ಮಲಗಿದ್ರೂ ಡಾರ್ಕಸ್. ಇವತ್ತು ಹೆಂಗಾದ್ರೂ ಮುಗ್ಸಪ್ಪ.”

ಯೋಚನೆ ಲಾಯ್ಡ್ ಅವರದು. ನೆಲ ಕರಗಿಸಲು ಬೆಂಕಿ ಹಾಕಿದ್ದು ನಿಜವಾದರೆ, ಗುಂಡಿ ಮುಚ್ಚಿದಾಗ ಇದ್ದಿಲು ಮಣ್ಣಿನಲ್ಲಿ ಬೆರೆತಿರಬೇಕು. ವೆಲ್ಡಾ ತಕ್ಷಣ ಹೂಂ ಅನ್ನುವುದಿಲ್ಲ. ಚಿಕ್ಕ ಕಲ್ಲಿನ ನೆತ್ತಿಯ ಮೇಲೆ ಕೈಯಿಡುತ್ತಾರೆ. ಇದ್ದಿಲು ಸಿಗದಿದ್ದರೆ ಈ ಹೆಸರು ತಮ್ಮೊಂದಿಗೇ ಮುಗಿಯುತ್ತದೆಂದು ಅವರಿಗೆ ಗೊತ್ತಿದೆ. ಇನ್ನೊಂದು ಅಳುಕೂ ಇದೆ.

“ಒಂದೂವರೆ ಅಡಿ. ಅದಕ್ಕಿಂತ ಕೆಳಗೆ ಬೇಡ. ಅದರ ಕೆಳಗೆ ಅವಳಿದಾಳೆ.”

ಲಾಯ್ಡ್ ಸಲಾಕೆಗೆ ಒಂದೂವರೆ ಅಡಿಯಲ್ಲಿ ಕೆಂಪು ಟೇಪು ಸುತ್ತುತ್ತಾರೆ. ಮೊದಲು ಸಾಲಿನಿಂದ ಹತ್ತಡಿ ಆಚೆ ಚುಚ್ಚುತ್ತಾರೆ. ಮೇಲೆ ಬಂದದ್ದು ಹಳದಿ ಜೇಡಿ. ಬಳಿಕ ಈಬೆನ್ ಗೋರಿ. ಹಳದಿ, ಕಂದು ಕಲೆಸಿದ ಮಣ್ಣು, ಕಪ್ಪಿಲ್ಲ. ಟರ್ಜಾ ಗೋರಿಯಲ್ಲೂ ಅಷ್ಟೇ. ಒಂದೊಂದನ್ನೂ ಬಿಳಿ ಕಾಗದದ ಮೇಲೆ ಸುರಿದು ಗುರುತು ಬರೆಯುತ್ತಾರೆ. ಕೊನೆಗೆ ನಡುವಿನ ಕಲ್ಲಿನ ಮುಂದೆ ಮಂಡಿಯೂರಿ, ಟೋಪಿ ತೆಗೆದು ಪಕ್ಕಕ್ಕಿಟ್ಟು, ಸಲಾಕೆ ಒತ್ತುತ್ತಾರೆ. ಟೇಪು ನೆಲಕ್ಕೆ ತಾಗುವ ಮೊದಲೇ ನಿಲ್ಲಿಸಿ ಎಳೆಯುತ್ತಾರೆ.

ಕಾಗದದ ಮೇಲೆ ಬಿದ್ದ ಮಣ್ಣಿನಲ್ಲಿ ಕಪ್ಪು ಚೂರುಗಳಿವೆ. ಒಂದು ಉಗುರಿನಷ್ಟು ದೊಡ್ಡದು. ಲಾಯ್ಡ್ ಅದನ್ನು ಕಾಗದದ ಅಂಚಿಗೆ ಉಜ್ಜಿದರೆ ಗೆರೆ ಮೂಡುತ್ತದೆ. ಅವರು ಒಂದಡಿ ಪಕ್ಕದಲ್ಲಿ ಇನ್ನೊಮ್ಮೆ ಚುಚ್ಚುತ್ತಾರೆ. ಮತ್ತೆ ಕಪ್ಪು.

ಡೆನ್ವರ್ ಬುಟ್ಟಿ ಕೆಳಗಿಡುತ್ತಾರೆ.

“ನಂಗೆ ಒಂದು ಹೊಳೀಲೇ ಇಲ್ಲ ನೋಡು,” ಎನ್ನುತ್ತಾರೆ ಲಾಯ್ಡ್, ಎರಡು ದೊಡ್ಡ ಕಲ್ಲುಗಳನ್ನು ನೋಡುತ್ತ. “ನಲವತ್ತು ವರ್ಷ ಜನರ ಜಮೀನು ಅಳೆದೆ. ಗಂಡ ಹೆಂಡತಿ ನಡುವೆ ಇಷ್ಟು ಜಾಗ ಯಾಕೆ ಬಿಟ್ಟಿದಾರೆ ಅಂತ ಒಂದು ದಿನ ಕೇಳ್ಕೊಂಡಿಲ್ಲ.”

“ಅವಳೇ ಮೊದಲು ಬಂದೋಳು. ಐವತ್ತು ವರ್ಷ ಆದ್ಮೇಲೆ ಅವರಿಬ್ರು ಬಂದು ಅವಳ ಆ ಕಡೆ ಒಬ್ರು, ಈ ಕಡೆ ಒಬ್ರು ಮಲಗಿದ್ರು. ಮಂಚದ ಮೇಲೂ ಮಗುನ ಹಾಗೇ ಅಲ್ವಾ ಮಲಗಿಸೋದು?” ಎನ್ನುತ್ತಾರೆ ವೆಲ್ಡಾ. ತೆಗೆದ ಮಣ್ಣನ್ನೂ ಇದ್ದಿಲನ್ನೂ ಅವೇ ರಂಧ್ರಗಳಿಗೆ ತುಂಬಿ, ಅಂಗೈಯಿಂದ ತಟ್ಟಿ, ಕುಡುಗೋಲು ಎತ್ತಿಕೊಳ್ಳುತ್ತಾರೆ. ಇನ್ನೂ ಹತ್ತೊಂಬತ್ತು ಗೋರಿ ಬಾಕಿ, ಇಬ್ಬನಿ ಆರಿಹೋಗಿದೆ.

“ಕ್ಷಮೆ ಗಿಮೆ ಕೇಳ್ಬೇಕಾ?” ಎಂದು ಲಾಯ್ಡ್ ಕೂಗುತ್ತಾರೆ.

“ಬೇಡ. ನಿನ್ನಿಂದ ತಡ ಆಗಿದ್ದಕ್ಕೆ ಆ ಮೂಲೆಯ ಹುಲ್ಲು ಬಾಚು.”

ಲಾಯ್ಡ್ ಹುಲ್ಲು ಬಾಚುತ್ತಾರೆ.

ಮೇ ಕೊನೆಯ ಭಾನುವಾರ ಗುಡ್ಡಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಂದರು. ಗ್ರಾನೈಟ್ ಕಲ್ಲಿನ ಮೇಲೆ ಮಕ್ಕಳ ಹೆಸರು ಹನ್ನೊಂದಿದ್ದವು: ಡಾರ್ಕಸ್, 1794–1799, ಕೆಳಗೆ ಇನ್ನೊಬ್ಬಳು ಡಾರ್ಕಸ್, 1803–1881. ಊಟಕ್ಕೆ ಮೊದಲು ವೆಲ್ಡಾ ಸಾಲುಗಳಲ್ಲಿ ನಡೆದು ಕಲ್ಲು ಮುಟ್ಟಿ ಹೆಸರು ಹೇಳಿದರು. ಈ ಸಲ ಯಾರೂ ಮೇಜಿನ ಕಡೆ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಣ ಸೇಬಿನ ಕೇಕು ಬಿಸಿಲಿಗಿತ್ತು. ಆದರೆ ಅರ್ಧದಷ್ಟು ಜನ ಅವರ ಹಿಂದೆ ನಡೆದರು. ಸಂಘದಿಂದ ಏನು ಆಸೆಯಿದೆ ಎಂದು ಕೇಳಿದಾಗ ವೆಲ್ಡಾ ಬೂಟಿನ ಕಡೆ ತೋರಿಸಿದರು. “ಮುಂದಿನ ವರ್ಷ ಅರ್ಧ ಸೈಜು ದೊಡ್ಡದು ಕೊಡ್ಸಿದ್ರೆ ಸಾಕು.”

ನಂತರದ ಶನಿವಾರ ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಅವರು ಬೇಲಿಯ ಗೇಟು ತೆರೆದಾಗ, ಲಾಯ್ಡ್ ಮಡಿಸುವ ಕುರ್ಚಿ, ನೋಟುಪುಸ್ತಕ ಹಿಡಿದು ಕಾಯುತ್ತಿದ್ದರು. ಬರೆದಿಡಬೇಕಾದ ಹೆಸರುಗಳು ಇನ್ನೂ ಮೂವತ್ತೆರಡಿದ್ದವು. ಆ ದಿನ ಎಂಟು ಮುಗಿದವು.