ಹೆಸರುಗಳ ಸರಪಳಿ ದಾಟಿ

ನಿವೃತ್ತನಾಗಿ ಗುಂಡ್ಲುಪೇಟೆಯ ಬಾಡಿಗೆ ಮನೆಗೆ ಬಂದು ನಾಲ್ಕು ವರ್ಷಗಳಾಗಿದ್ದವು. ಪ್ರವಾದಿಯವರ ನುಡಿಗಳಾದ ಹದೀಸನ್ನು ಒಮ್ಮೆಯಾದರೂ ಮನಸ್ಸಿಟ್ಟು ಓದಿ ಮುಗಿಸಬೇಕೆಂಬುದು ನನ್ನ ಹಳೆಯ ಆಸೆ. ಆದರೆ ಪ್ರತಿ ನುಡಿಯ ಮುಂದೆಯೂ ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದವರ ಹೆಸರುಗಳ ಸರಪಳಿಯಿರುತ್ತದೆ. ದಾಖಲೆಗಳ ತೇದಿಗಳನ್ನು ತಾಳೆ ನೋಡುವುದರಲ್ಲೇ ನೌಕರಿ ಕಳೆದ ನಾನು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ಇವರು ತೀರಿಕೊಂಡಾಗ ಅವರಿಗೆಷ್ಟು ವಯಸ್ಸು, ಇಬ್ಬರೂ ಭೇಟಿಯಾಗಿರುವುದು ಸಾಧ್ಯವೇ ಎಂದು ಹಿಜರಿ ವರ್ಷಗಳನ್ನು ಹೊಂದಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ನುಡಿ ಓದದೆ ಉಳಿಯುತ್ತಿತ್ತು. ಈ ನಡುವೆ ಚಾಮರಾಜನಗರದ ಕಣ್ಣಿನ ವೈದ್ಯರು, ಓದುವುದಿದ್ದರೆ ಬೇಗ ಓದಿಬಿಡಿ, ದೃಷ್ಟಿ ಹೆಚ್ಚು ಕಾಲ ಉಳಿಯದು ಎಂದರು.

ಬೇಗೂರಿನಲ್ಲಿ ನಿವೃತ್ತ ಡ್ರಿಲ್ ಮಾಸ್ತರೊಬ್ಬರು ಪ್ರಾಣಾಯಾಮ ಹೇಳಿಕೊಡುತ್ತಿದ್ದರು. ಓದುವಾಗ ಮನಸ್ಸು ಒಂದೆಡೆ ನಿಂತೀತೆಂದು, ಬೆಳಗಿನ ನಮಾಜು ಮುಗಿಸಿ ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದೆ. ಮೂರನೆಯ ವಾರ ನನ್ನ ಟಿಪ್ಪಣಿ ಪುಸ್ತಕ ಅವರ ಕಣ್ಣಿಗೆ ಬಿತ್ತು. ತೇದಿ, ಹೊತ್ತು, ನಿಮಿಷಕ್ಕೆಷ್ಟು ಉಸಿರು, ಎಲ್ಲವನ್ನೂ ಬರೆದಿಟ್ಟಿದ್ದೆ.

"ಇದೇನ್ ಸಾ, ಉಸ್ರಿಗೂ ಹಾಜ್ರಿ ತಗೀತಿದ್ದೀರಲ್ಲ! ಇನ್ಸ್‌ಪೆಕ್ಟ್ರಿಗೆ ತೋರಿಸ್ಬೇಕಾ?"

"ನಿನ್ನೆಗಿಂತ ಎರಡು ಕಡಿಮೆಯಾಗಿದೆ."

"ಆಗ್ಲಿ ಬುಡಿ. ಅದ್ರ ಪಾಡ್ಗೆ ಅದು ಬತ್ತದೆ, ಓಯ್ತದೆ. ನೀವ್ ಸುಮ್ಕೆ ಕುಂತ್ಕಳಿ. ನಾಳಿಂದ ವಾಚ್ ಮನೇಲ್ ಬುಟ್ಬುಟ್ಟು ಬನ್ನಿ."

ಎಣಿಸದೆ ಕೂರಲು ತಿಂಗಳುಗಳೇ ಹಿಡಿದವು. ಒಂದು ಮಧ್ಯಾಹ್ನ, ಉಸಿರು ತಾನಾಗಿ ನಿಧಾನವಾದ ಮೇಲೆ ಗ್ರಂಥ ತೆರೆದೆ. ಹೆಸರುಗಳು ಒಂದೊಂದಾಗಿ ಕಣ್ಣೆದುರು ಹಾದುಹೋದವು. ಯಾರನ್ನೂ ತಡೆದು ಕೇಳಲಿಲ್ಲ. ಕೊನೆಯಲ್ಲಿ ನುಡಿಯಿತ್ತು: ಸಾರು ಮಾಡುವಾಗ ನೀರು ತುಸು ಹೆಚ್ಚು ಹಾಕು, ನೆರೆಯವರನ್ನು ನೆನೆ ಎಂಬ ಅರ್ಥದ್ದು. ಆ ಪುಟದ ಅಂಚಿನಲ್ಲಿ ನಾನೇ ಹಿಂದೆ ಬರೆದ ಹನ್ನೊಂದು ಹಿಜರಿ ತೇದಿಗಳಿದ್ದವು. ನುಡಿಯ ಕೆಳಗೆ ಒಂದು ಗೆರೆಯೂ ಇರಲಿಲ್ಲ.

ಗ್ರಂಥ ಮುಚ್ಚಿದೆ. ಗೋಡೆಯಾಚೆ ಯಾರೋ ಕೆಮ್ಮಿದರು. ಅದು ಗಂಡೋ ಹೆಣ್ಣೋ ಎಂಬುದೂ ನನಗೆ ತಿಳಿದಿರಲಿಲ್ಲ.

ಮರುದಿನ ಬೇಳೆಸಾರಿಗೆ ಎರಡು ಲೋಟ ನೀರು ಹೆಚ್ಚು ಹಾಕಿದೆ. ಮುಚ್ಚಿದ ಪಾತ್ರೆ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ನನ್ನಷ್ಟೇ ವಯಸ್ಸಾದ ಹೆಂಗಸೊಬ್ಬರು ತೆರೆದರು.

"ಯಾರು ಅಂತ ಗೊತ್ತಾಗ್ನಿಲ್ವಲ್ಲ?"

"ಪಕ್ಕದ ಮನೆಯವನು, ತಾಯಿ."

"ಅಯ್ಯೋ, ಅಲ್ಲಿ ಜನ ಅವ್ರಾ? ಬಾಗ್ಲು ಯಾವಾಗ್ಲೂ ಮುಚ್ಚೇ ಇರ್ತದೆ, ಖಾಲಿ ಅಂದ್ಕಂಡಿದ್ದೆ. ಯಾವಾಗ ಬಂದ್ರಣ್ಣ?"

ತೇದಿ ಕೇಳುವ ಪ್ರಶ್ನೆಗೆ ಅಲ್ಲಿಯವರೆಗೆ ನಾನು ತಪ್ಪು ಉತ್ತರ ಕೊಟ್ಟವನಲ್ಲ.

"ಮೊನ್ನೆ ಮೊನ್ನೆ," ಎಂದೆ.